ಕೊಡದ ದೊರೆಯ ದೂರು

ಹೊಸನಗರದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಮಂಜಯ್ಯನವರಿಗೆ, ಜಗತ್ತಿನಲ್ಲಿ ಒಂದೇ ಅರ್ಥದ ಎರಡು ಶಬ್ದಗಳು ಇರಬಹುದು ಎಂಬ ವಿಚಾರವನ್ನು ಸಹಿಸಲು ಆಗುತ್ತಿರಲಿಲ್ಲ. ಎರಡು ಶಬ್ದ ಇವೆ ಎಂದಮೇಲೆ ಎರಡು ಕೆಲಸ ಇರಲೇಬೇಕು, ಇಲ್ಲದಿದ್ದರೆ ಇಂಗ್ಲಿಷರಂಥ ಬಿಗಿ ಜನ ಅದರಲ್ಲೊಂದನ್ನು ಎಂದೋ ಮನೆಗೆ ಕಳಿಸುತ್ತಿದ್ದರು ಎಂಬುದು ಅವರ ನಂಬಿಕೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಪ್ರತಿವರ್ಷ ಐದು ಜೋಡಿ ಶಬ್ದಗಳನ್ನು ಕೊಟ್ಟು, ಅರ್ಥದ ವ್ಯತ್ಯಾಸ ಬರೆಯಿರಿ ಎಂದು ಕೇಳುತ್ತಿದ್ದರು. ಐದು ಅಂಕ. ಆ ಐದು ಅಂಕಕ್ಕಾಗಿ ಸಾಗರದಿಂದಲೂ ತೀರ್ಥಹಳ್ಳಿಯಿಂದಲೂ ಹುಡುಗರು ಭಾನುವಾರ ಬಸ್ಸು ಹತ್ತಿ ಬಂದು ಮಂಜಯ್ಯನವರ ಜಗಲಿಯಲ್ಲಿ ಕೂರುತ್ತಿದ್ದರು. ನೇರಳೆ ಶಾಯಿಯಲ್ಲಿ ಸೈಕ್ಲೋಸ್ಟೈಲ್ ಮಾಡಿಸಿದ ಅವರ ನೋಟ್ಸಿನಲ್ಲಿ ಇನ್ನೂರ ಹನ್ನೆರಡು ಜೋಡಿಗಳಿದ್ದವು. ಹಿಯರ್ ಎಂದರೆ ಕಿವಿಗೆ ಬಿದ್ದದ್ದು, ಲಿಸನ್ ಎಂದರೆ ಕಿವಿ ಕೊಟ್ಟದ್ದು. ರಾಬ್ ಮಾಡುವುದು ಮನುಷ್ಯನನ್ನು, ಸ್ಟೀಲ್ ಮಾಡುವುದು ಅವನ ಕೊಡೆಯನ್ನು. ಡಿಸ್ಕವರ್ ಎಂದರೆ ಇದ್ದದ್ದನ್ನು ಕಂಡದ್ದು, ಇನ್ವೆಂಟ್ ಎಂದರೆ ಇಲ್ಲದ್ದನ್ನು ಮಾಡಿದ್ದು.

ಈ ವಿದ್ಯೆ ಜಗಲಿಯಿಂದ ಒಳಗೂ ಹರಿಯುತ್ತಿತ್ತು. ಹೆಂಡತಿ ವಾಗ್ದೇವಿ ಬಾಗಿಲಿಗೆ ಬಂದು, "ಊಟಕ್ಕೆ ಕರೆದದ್ದು ಕೇಳಿದ್ದಿಲ್ಯಾ?" ಎಂದರೆ, "ಕೇಳಿದ್ದು. ಆದ್ರೆ ಆಲಿಸಿದ್ನಿಲ್ಲೆ" ಎನ್ನುತ್ತಿದ್ದರು. "ಹಂಗಾರೆ ಅನ್ನ ತಣ್ದು ಹೋಯ್ದು. ಅದಕ್ಕೂ ಎರಡು ಶಬ್ದ ಇದ್ದಾ ನೋಡಿ" ಎಂದು ಆಕೆ ಒಳಗೆ ಹೋಗುತ್ತಿದ್ದರು.

ಮಂಜಯ್ಯನವರಿಗೆ ಇನ್ನೊಂದು ಹುಚ್ಚಿತ್ತು, ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ. ಪಂಚೆ ಉಟ್ಟ ಇಬ್ಬರು ಎದುರುಬದುರು ಚಾಪೆಯ ಮೇಲೆ ಕೂರುತ್ತಾರೆ. ಭಾಗವತ ಒಂದು ಪದ್ಯ ಹಾಡುತ್ತಾನೆ. ಆಮೇಲೆ ಆ ಪದ್ಯಕ್ಕೆ ಮಾತಿನಲ್ಲೇ ಅರ್ಥ ಬೆಳೆಸುತ್ತ, ಒಬ್ಬ ದೊರೆಯಾಗಿ ಇನ್ನೊಬ್ಬ ದೂತನಾಗಿ, ಗಂಟೆಗಟ್ಟಲೆ ವಾದಿಸುತ್ತಾರೆ. ಬರೆದುಕೊಂಡು ಬಂದದ್ದು ಏನೂ ಇರುವುದಿಲ್ಲ. ಹೊಸನಗರದ ತಂಡದಲ್ಲಿ ಇಪ್ಪತ್ತೆರಡು ವರ್ಷದಿಂದ ಸಂಧಾನದ ಪ್ರಸಂಗ ಬಂದಾಗಲೆಲ್ಲ ಮಂಜಯ್ಯನವರದು ಕೊಡದ ದೊರೆ. ಕೇಳಲು ಬಂದ ದೂತ ರಾಮಚಂದ್ರಪ್ಪ. ಕಥೆಯಲ್ಲಿ ದೊರೆ ಸೋಲಲೇಬೇಕು. ಆದರೆ ವಾದದಲ್ಲಿ ಸೋಲಬೇಕೆಂದು ಯಾವ ಪದ್ಯವೂ ಹೇಳಿರಲಿಲ್ಲ, ಮಂಜಯ್ಯನವರು ಸೋತೂ ಇರಲಿಲ್ಲ.

ರಾಮಚಂದ್ರಪ್ಪ ಸಾಗರದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಅವನ ಅಪ್ಪ ಬೆಳ್ಳಪ್ಪ, ಮಂಜಯ್ಯನವರ ಅಪ್ಪನ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದವ. ಅವನ ಕುಲದಲ್ಲಿ ಬಿ.ಎ. ಮಾಡಿದ ಮೊದಲಿಗ ಇವನೇ. ಮಂಜಯ್ಯನವರು ಅವನನ್ನು ಚಡ್ಡಿ ಹಾಕುತ್ತಿದ್ದ ಕಾಲದಿಂದ ನೀನು ಎನ್ನುತ್ತಿದ್ದರು, ಅವನು ನೀವು ಎನ್ನುತ್ತಿದ್ದ. ಚಾಪೆಯ ಮೇಲೆ ಮಾತ್ರ, ದೂತನ ಹಕ್ಕಿನಿಂದ, ಅವನೂ ನೀನು ಎನ್ನುತ್ತಿದ್ದ. ಅಲ್ಲಿ ಅಂದದ್ದನ್ನು ಚಾಪೆ ಸುತ್ತಿಟ್ಟ ಮೇಲೆ ಯಾರೂ ನೆನಪಿಡುವುದಿಲ್ಲ. ಆ ಕಲೆಯಲ್ಲಿ ಇನ್ನೊಂದು ಕಟ್ಟಳೆಯೂ ಉಂಟು. ಎದುರಿನವನ ಮಾತು ಬಿದ್ದುಹೋಗುವಂತಾದರೆ, ಅವನಿಗೊಂದು ಪ್ರಶ್ನೆ ಎಸೆದು ಎತ್ತಿ ನಿಲ್ಲಿಸಬೇಕು. ಎದುರಾಳಿ ಬಿದ್ದರೆ ಸಭೆಯೇ ಬಿದ್ದಂತೆ.

೧೯೬೬ರ ನವೆಂಬರಿನಲ್ಲಿ ಹೊಸನಗರದ ಹೆಡ್‌ಮಾಸ್ಟರರು ನಿವೃತ್ತರಾದರು. ಆ ಕುರ್ಚಿಗೆ ಕೈಗಳಿದ್ದವು. ಹದಿನಾಲ್ಕು ವರ್ಷ ಕೈಯಿಲ್ಲದ ಕುರ್ಚಿಯಲ್ಲಿ ಕೂತ ಮಂಜಯ್ಯನವರು ಅದನ್ನು ಕಿಟಕಿಯಾಚೆಯಿಂದ ದಿನವೂ ನೋಡುತ್ತಿದ್ದರು. ಪಟ್ಟಿಯಲ್ಲಿ ಎರಡು ಹೆಸರು: ಮೊದಲು ಮಂಜಯ್ಯ, ಎರಡನೆಯದು ರಾಮಚಂದ್ರಪ್ಪ. ಶಾಲಾ ಇನ್‌ಸ್ಪೆಕ್ಟರರು ತೀರ್ಥಹಳ್ಳಿಯ ಒಂದು ಶಾಲೆಯಲ್ಲಿ ಮೂರೂ ತಾಲೂಕಿನ ಮೇಷ್ಟ್ರುಗಳನ್ನು ಸೇರಿಸಿ, ಇಬ್ಬರಿಂದಲೂ ಮಾದರಿ ಪಾಠ ಮಾಡಿಸಿ, ಶಿಫಾರಸು ಬರೆಯುವುದೆಂದು ಗೊತ್ತಾಯಿತು.

ಹೊರಡುವ ಬೆಳಿಗ್ಗೆ ವಾಗ್ದೇವಿ ಕೋಟಿನ ಗುಂಡಿ ಹೊಲಿಯುತ್ತ ಹೇಳಿದರು. "ಅಲ್ಲಿ ಹೋಗಿ ವಾದ ಮಾಡಲೆ ಕುತ್ಗಳಡಿ. ಪಾಠ ಮಾಡಿಕ್ಕಿ ಸುಮ್ನೆ ಬಂದ್ಬುಡಿ."

"ಆನು ಯಾವಾಗ ವಾದ ಮಾಡಿದ್ದಿ?"

"ಇದೇ ಈಗ."

"ಇದು ವಾದ ಅಲ್ಲ, ಪ್ರಶ್ನೆ."

"ಹೂಂ. ಆನು ಪುಷ್ಪಮ್ಮಂಗೆ ಆಗ್ಲೇ ಹೇಳಿ ಆಯ್ದು, ನಮ್ಮನೇವು ಹೆಡ್‌ಮಾಸ್ಟರು ಹೇಳಿ. ಅದನ್ನ ಸುಳ್ಳು ಮಾಡಡಿ."

ಪುಷ್ಪಮ್ಮನಿಗೆ ಹೇಳಿದ್ದು ಎಂದರೆ ಹೊಸನಗರಕ್ಕೆ ಡಂಗುರ ಹೊಡೆಸಿದ ಹಾಗೆ. ಮಂಜಯ್ಯನವರು ಕೋಟು ಹಾಕಿಕೊಂಡರು.

ಸಾಗರದ ಬಸ್ಸು ಬಂದಾಗ ರಾಮಚಂದ್ರಪ್ಪ ಕಿಟಕಿಯಿಂದ ಕೈ ಬೀಸಿದ. ಪಕ್ಕದ ಸೀಟಿಗೆ ಟವೆಲು ಹಾಕಿ ಜಾಗ ಹಿಡಿದಿದ್ದ.

"ಬನ್ನಿ ಮಾರಾಯ್ರೇ. ನಿಮ್ಮ ಜಾಗ ಕಾಯೋದ್ರಲ್ಲಿ ಮೂರು ಜನರ ಹತ್ರ ಬೈಸ್ಕೊಂಡೆ."

"ಬೈದದ್ದೋ, ಶಪಿಸಿದ್ದೋ?"

"ಒಬ್ಳು ಶಾಪಾನೇ ಹಾಕಿದ್ಳು. ಮತ್ತಿಬ್ರು ಬರೀ ಬೈದ್ರು."

ಬಸ್ಸು ಹುಂಚ ದಾಟುವ ತನಕ ಇಬ್ಬರೂ ಹುದ್ದೆಯ ಮಾತು ಎತ್ತಲಿಲ್ಲ. ಆಮೇಲೆ ರಾಮಚಂದ್ರಪ್ಪನೇ ಹೇಳಿದ. "ನಿಮ್ಗೇ ಆಗ್ತದೆ ಬಿಡಿ. ಸೀನಿಯಾರಿಟಿ ನಿಮ್ದು. ನಂಗೆ ಬಸ್ ಚಾರ್ಜು ಸಿಗ್ತದೆ, ಅಷ್ಟೇ."

"ಹಾಗಿದ್ರೆ ಇವತ್ತೊಂದಿನ ಬಾಯಿ ಮುಚ್ಕೊಂಡು ಕೂತಿರು."

"ನಾ ಎಂತಕ್ಕೆ ಬಾಯಿ ಬಿಡ್ಲಿ? ನನ್ನ ಪಾಠ ಬೆಳಿಗ್ಗೆನೇ ಮುಗೀತದೆ. ಮಧ್ಯಾಹ್ನ ನಂಗೆ ನಿದ್ದೆ."

ಬೆಳಿಗ್ಗೆ ರಾಮಚಂದ್ರಪ್ಪ ಪತ್ರಲೇಖನದ ಪಾಠ ಮಾಡಿದ. ನಲವತ್ತೈದು ನಿಮಿಷಕ್ಕೆ ಗಂಟೆ ಹೊಡೆಯಿತು, ಪಾಠವೂ ಮುಗಿಯಿತು. ಇನ್‌ಸ್ಪೆಕ್ಟರರು ತಮ್ಮ ಪುಸ್ತಕದಲ್ಲಿ 'ತೃಪ್ತಿಕರ' ಎಂದು ಬರೆದುಕೊಂಡರು. ಬಯಲುಸೀಮೆಯ ಕಡೆಯಿಂದ ವರ್ಗವಾಗಿ ಬಂದು ಅವರಿಗೆ ಎರಡು ತಿಂಗಳಾಗಿತ್ತು. ಮಲೆನಾಡಿನಲ್ಲಿ ಅವರಿಗೆ ಪರಿಚಯವಾಗಿದ್ದು ಜಿಗಣೆ ಮತ್ತು ಬಸ್ಸಿನ ವೇಳೆ ಮಾತ್ರ. ಶಿವಮೊಗ್ಗೆಗೆ ಕಡೆಯ ಬಸ್ಸು ನಾಲ್ಕೂವರೆಗೆ ಎಂದು ಬೆಳಿಗ್ಗೆಯಿಂದ ಮೂರು ಸಲ ಹೇಳಿದ್ದರು.

ಮಧ್ಯಾಹ್ನ ಎರಡಕ್ಕೆ ಮಂಜಯ್ಯನವರು ಬೋರ್ಡಿನ ಮೇಲೆ ಎರಡು ಶಬ್ದ ಬರೆದರು. ರೆಫ್ಯೂಸ್. ಡಿನೈ. ಮುಂದಿನ ಬೆಂಚುಗಳಲ್ಲಿ ಮಕ್ಕಳು, ಹಿಂದಿನ ಬೆಂಚುಗಳಲ್ಲಿ ಊಟದ ಭಾರಕ್ಕೆ ತೂಗುತ್ತಿದ್ದ ಮೇಷ್ಟ್ರುಗಳು, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡ ಇನ್‌ಸ್ಪೆಕ್ಟರರು.

"ಕೇಳಿದ್ದನ್ನು ಕೊಡದಿದ್ದರೆ ರೆಫ್ಯೂಸ್. ಹೇಳಿದ್ದನ್ನು ಒಪ್ಪದಿದ್ದರೆ ಡಿನೈ" ಎಂದು ಮಂಜಯ್ಯನವರು ಇಂಗ್ಲಿಷಿನಲ್ಲಿ ಆರಂಭಿಸಿದರು. "ನಿನ್ನ ಕೊಡೆ ಕೊಡು ಎಂದರೆ ನೀನು ರೆಫ್ಯೂಸ್ ಮಾಡಬಹುದು. ನನ್ನ ಕೊಡೆ ಕದ್ದವನು ನೀನು ಎಂದರೆ ಡಿನೈ ಮಾಡಬಹುದು."

ಪಾಠ ಎಷ್ಟು ಸ್ವಚ್ಛವಾಗಿತ್ತೆಂದರೆ ಹನ್ನೆರಡೇ ನಿಮಿಷಕ್ಕೆ ಮುಗಿದುಹೋಯಿತು. ಮಕ್ಕಳಿಗೆ ಎಲ್ಲವೂ ಅರ್ಥವಾಗಿತ್ತು. ಇನ್‌ಸ್ಪೆಕ್ಟರರು ಗಡಿಯಾರ ನೋಡಿ, "ಯಾರಾದ್ರೂ ಪ್ರಶ್ನೆ ಕೇಳ್ರಪ್ಪ" ಎಂದರು. ಯಾರೂ ಕೇಳಲಿಲ್ಲ. ಮಂಜಯ್ಯನವರು ಸೀಮೆಸುಣ್ಣವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಹಾಕಿದರು. ಒಬ್ಬ ಮೇಷ್ಟ್ರು ಗೊರಕೆಯ ಅಂಚಿಗೆ ಬಂದು ಎಚ್ಚರಾದರು. ಇನ್‌ಸ್ಪೆಕ್ಟರರು ಪೆನ್ನಿನ ಮುಚ್ಚಳ ತೆಗೆದರು.

ಹಿಂದಿನ ಬೆಂಚಿನಲ್ಲಿದ್ದ ರಾಮಚಂದ್ರಪ್ಪನಿಗೆ ಆ ಮೌನ ಏನೆಂದು ಗೊತ್ತಾಯಿತು. ಸಭೆ ಬೀಳುತ್ತಿತ್ತು. ಅವನು ಎದ್ದು ನಿಂತ.

"ಸಾರ್, ಒಬ್ಬ ದಾರಿಹೋಕ ಒಂದು ಮನೆ ಬಾಗಿಲಲ್ಲಿ ನಿಂತು ನೀರು ಕೇಳುತ್ತಾನೆ. ಮನೆಯಾಕೆ ನೀರಿಲ್ಲ ಎನ್ನುತ್ತಾಳೆ. ಒಳಗೆ ಹಂಡೆ ತುಂಬ ನೀರಿದೆ. ಇದು ರೆಫ್ಯೂಸೋ, ಡಿನೈಯೋ?"

ಮಂಜಯ್ಯನವರ ಮುಖಕ್ಕೆ ಬಣ್ಣ ಬಂತು. "ಎರಡೂ. ಕೊಡಲಿಲ್ಲ, ಆದ್ದರಿಂದ ರೆಫ್ಯೂಸ್. ಇದ್ದದ್ದನ್ನು ಇಲ್ಲವೆಂದಳು, ಆದ್ದರಿಂದ ಡಿನೈ."

"ಎರಡು ಶಬ್ದಕ್ಕೆ ಎರಡು ಕೆಲಸ ಎಂದಿರಿ. ಇಲ್ಲಿ ಆಡಿದ್ದು ಒಂದೇ ಮಾತು."

"ಒಂದೇ ಕೈಯಲ್ಲಿ ಬಾಗಿಲನ್ನೂ ಹಾಕಬಹುದು, ದೀಪವನ್ನೂ ಆರಿಸಬಹುದು. ಕೈ ಒಂದಾದ ಮಾತ್ರಕ್ಕೆ ಕೆಲಸ ಒಂದಾಗುವುದಿಲ್ಲ."

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಅದನ್ನು ಬರೆದುಕೊಂಡಳು. ಇನ್‌ಸ್ಪೆಕ್ಟರರೂ ತಲೆದೂಗಿದರು. ಅಲ್ಲಿಗೆ ನಿಂತಿದ್ದರೆ ಮಂಜಯ್ಯನವರು ಆ ಸಂಜೆಯೇ ಹೆಡ್‌ಮಾಸ್ಟರರು. ಆದರೆ ಎದುರಿನವನ ಬಾಯಲ್ಲಿ ಕಡೆಯ ಮಾತನ್ನು ಉಳಿಸಿ ಕೂರುವುದು ದೂತನಾದವನಿಗೆ ಹೇಗೆ ಸಾಧ್ಯ?

"ಆಕೆ ಬಾಯನ್ನೇ ಬಿಡಲಿಲ್ಲ ಎನ್ನೋಣ. ಸುಮ್ಮನೆ ಕದ ಹಾಕಿಕೊಂಡಳು. ಇಲ್ಲ ಎನ್ನಲಿಲ್ಲ, ಕೊಡುವುದಿಲ್ಲ ಎನ್ನಲೂ ಇಲ್ಲ. ಈಗ?"

"ಕದವೇ ಮಾತಾಡಿತು."

"ಕದ ಮಾತಾಡುವ ಮನೆಯಲ್ಲಿ ಮನುಷ್ಯರು ಯಾಕಿರಬೇಕು?"

ಯಾವ ಹಂತದಲ್ಲಿ ಮಾತು ಇಂಗ್ಲಿಷಿನಿಂದ ಕನ್ನಡಕ್ಕೆ ಇಳಿಯಿತೋ ಯಾರಿಗೂ ತಿಳಿಯಲಿಲ್ಲ. ಮಂಜಯ್ಯನವರು ಕುರ್ಚಿಯೊಂದನ್ನು ಎಳೆದು ಕೂತಿದ್ದರು, ಬೆನ್ನು ನೆಟ್ಟಗಾಗಿತ್ತು, ಕೋಟಿನ ಮೇಲೆ ಇಲ್ಲದ ಶಲ್ಯವನ್ನು ಎಡಗೈ ಸರಿಪಡಿಸುತ್ತಿತ್ತು.

"ಎಲೈ ದೂತನೇ, ನೀರು ಕೇಳಲು ಬಂದವನು ನಿಂತು ವ್ಯಾಕರಣ ಕೇಳುತ್ತಿದ್ದಾನೆ. ಇವನ ಬಾಯಾರಿಕೆಯನ್ನು ನಾನು ಹೇಗೆ ನಂಬಲಿ?"

"ಅರಸನೇ, ನೀರು ಕೊಡದವನು ಬಾಯಾರಿಕೆಗೆ ಸಾಕ್ಷಿ ಕೇಳುತ್ತಿದ್ದಾನೆ. ಇವನ ಬಾವಿಯನ್ನು ನಾನು ಹೇಗೆ ನಂಬಲಿ? ಬತ್ತಿದ ಬಾವಿಗೆ ಒಡೆಯನಾಗಿ ಇಷ್ಟು ಬಿಗುಮಾನವೇ ನಿನಗೆ?"

"ಕೊಡಪಾನವೂ ಇಲ್ಲದೆ ಬಂದ ಭಿಕ್ಷುಕನಿಗೆ ಇಷ್ಟು ನಾಲಗೆಯೇ?"

ಮೇಷ್ಟ್ರುಗಳೆಲ್ಲ ಎಚ್ಚರಾಗಿ ಮುಂದಕ್ಕೆ ಬಾಗಿದ್ದರು. ಬಾಗಿಲ ಬಳಿ ಅಡುಗೆಯವರು ಬಂದು ನಿಂತರು. ಬಾಯಿ ತೆರೆದು ಕೂತಿದ್ದ ಇನ್‌ಸ್ಪೆಕ್ಟರರು ಎರಡು ಸಲ ಕೆಮ್ಮಿದರು. ಸಭೆಯಲ್ಲಿ ಕೆಮ್ಮುವವರು ಯಾವಾಗಲೂ ಇರುತ್ತಾರೆ, ಹಾಗಾಗಿ ಯಾರೂ ಗಮನಿಸಲಿಲ್ಲ.

ಒಂದು ಕಡೆ ಮಂಜಯ್ಯನವರು ಹೇಳಿದರು, "ಕೇಳದವನಿಗೆ ಯಾರೂ ಇಲ್ಲವೆನ್ನಲಾರರು. ಮೊದಲು ಕೇಳು, ಆಮೇಲೆ ದೂರು." ಹೇಳುವಾಗಲೇ ಅವರಿಗೆ ಅದರ ಬಿರುಕು ಕಂಡಿತ್ತು. ಬೇಕೆಂದೇ ಬಿಟ್ಟ ಬಿರುಕು, ಎದುರಿನವನು ನುಗ್ಗಲಿ ಎಂದು. ರಾಮಚಂದ್ರಪ್ಪ ಬಾಯಿ ತೆರೆದ. ಮಂಜಯ್ಯನವರ ಮುಖ ನೋಡಿದ. ನುಗ್ಗಲಿಲ್ಲ. ಬೇರೆ ಏನೋ ದುರ್ಬಲವಾದದ್ದನ್ನು ಹೇಳಿದ. ಮಂಜಯ್ಯನವರಿಗೆ ನಿರಾಶೆಯಾಯಿತು.

ಹೊರಗೆ ಬಸ್ಸಿನ ಹಾರ್ನು ಕೇಳಿ ಇನ್‌ಸ್ಪೆಕ್ಟರರು ಎದ್ದು ಕಿಟಕಿಗೆ ಓಡಿದರು. ನಾಲ್ಕೂವರೆಯ ಬಸ್ಸು ತಿರುವಿನಲ್ಲಿ ಮರೆಯಾಗುತ್ತಿತ್ತು.

"ಬೆಲ್ ಯಾಕಯ್ಯಾ ಹೊಡೀಲಿಲ್ಲ?" ಎಂದು ಅವರು ಶಾಲೆಯ ಜವಾನ ಜಟ್ಟಿಂಗಪ್ಪನ ಮೇಲೆ ಕೂಗಿದರು. ಅವನು ಕಬ್ಬಿಣದ ತುಂಡಿನ ಕೆಳಗೆ, ಸುತ್ತಿಗೆಯನ್ನು ಮಡಿಲಲ್ಲಿಟ್ಟುಕೊಂಡು, ತಲೆದೂಗುತ್ತ ಕೂತಿದ್ದ. ಮಳೆಗಾಲದಲ್ಲಿ ಊರ ತಂಡಕ್ಕೆ ಮದ್ದಳೆ ಬಾರಿಸುವವನು.

"ಅರ್ಥ ನಡೀತಾ ಇತ್ತಲ್ಲ ಸಾರ್" ಎಂದ ಜಟ್ಟಿಂಗಪ್ಪ. "ನಡುವೆ ಹೊಡೆದ್ರೆ ರಸ ಕೆಡ್ತದೆ."

ಅಷ್ಟರಲ್ಲಿ ಮಂಜಯ್ಯನವರು ಜಗಲಿಗೆ ಬಂದು ರಾಮಚಂದ್ರಪ್ಪನ ಸಂಚಿಯಿಂದ ಎಲೆ ತೆಗೆದು ಸುಣ್ಣ ಸವರುತ್ತಿದ್ದರು. "ಕೊನೆಗೆ ಯಾಕೋ ಸೊರಗಿದೆ ನೀನು" ಎಂದರು. "ಹಸಿವು ಮಾರಾಯ್ರೇ" ಎಂದ ರಾಮಚಂದ್ರಪ್ಪ, ಅಡಿಕೆ ಕತ್ತರಿಸಿ ಕೊಡುತ್ತ. ಈಗಷ್ಟೇ ಭಿಕ್ಷುಕನೆಂದು ಕರೆದವನ ಸಂಚಿಗೆ ಕೈ ಹಾಕುವ ಮನುಷ್ಯನನ್ನು ಇನ್‌ಸ್ಪೆಕ್ಟರರು ದೂರದಿಂದ ನೋಡಿದರು. ಅವರ ಇಲಾಖೆಯ ಯಾವ ಫಾರಮ್ಮಿನಲ್ಲೂ ಅದಕ್ಕೆ ಅಂಕಣವಿರಲಿಲ್ಲ.

ರಾಮಚಂದ್ರಪ್ಪ ಐದೂವರೆಯ ಬಸ್ಸಿಗೆ ಸಾಗರಕ್ಕೆ ಹೋದ. ಇನ್‌ಸ್ಪೆಕ್ಟರರು ಮಂಜಯ್ಯನವರನ್ನು ಬಸ್ಸು ತಪ್ಪಿ ತಾವು ಇಳಿದುಕೊಂಡ ಪ್ರವಾಸಿ ಬಂಗಲೆಗೆ ಕರೆಸಿಕೊಂಡರು. ಬೆತ್ತದ ಕುರ್ಚಿಯಲ್ಲಿ ಕೂತು ಕಾಲಿಗೆ ಉಪ್ಪು ಸವರುತ್ತಿದ್ದರು, ಜಿಗಣೆ ಕಚ್ಚಿತ್ತು.

"ನೋಡಿ ಮಂಜಯ್ಯನೋರೆ. ನಾನು ನಿಮ್ಮ ಹೆಸರು ಬರೀಬೇಕು ಅಂತಲೇ ಬಂದಿದ್ದೆ. ಪಾಠ ಚೆನ್ನಾಗೇ ಇತ್ತು, ಹನ್ನೆರಡು ನಿಮಿಷ. ಆಮೇಲೆ ಆ ಮನುಷ್ಯ ಎದ್ದು ನಿಮ್ಮನ್ನ ಮಕ್ಕಳ ಮುಂದೆ ಏಕವಚನದಲ್ಲಿ ಬೈದ. ಬತ್ತಿದ ಬಾವಿ ಅಂದ. ನಿಮಗಿಂತ ಜೂನಿಯರ್ರು. ನೀವು ಅವನ ಮೇಲೆ ಒಂದು ದೂರು ಬರೆದು ಕೊಡಿ. ಅವನನ್ನ ಪಟ್ಟಿಯಿಂದ ತೆಗೀತೀನಿ, ನಿಮ್ಮ ಆರ್ಡರು ವಾರದಲ್ಲಿ ಬರುತ್ತೆ."

"ಅದು ಬೈಗುಳ ಅಲ್ಲ ಸಾರ್. ಅದು..."

"ದೂರು ಇಲ್ಲ ಅಂದ್ರೆ, ಎರಡೂವರೆ ಗಂಟೆ ಕ್ಲಾಸು ನಿಮ್ಮ ಕೈ ಮೀರಿತ್ತು ಅಂತ ನಾನು ಬರೀಬೇಕಾಗುತ್ತೆ. ಒಂದು ಕ್ಲಾಸು ಹಿಡಿತದಲ್ಲಿಡೋಕೆ ಆಗದೋರಿಗೆ ಒಂದು ಸ್ಕೂಲು ಹೇಗೆ ಕೊಡ್ಲಿ? ಬೆಳಿಗ್ಗೆ ಒಂಬತ್ತಕ್ಕೆ ಬಸ್ಸು. ಅಷ್ಟರಲ್ಲಿ ಕೊಡಿ."

ಮಂಜಯ್ಯನವರಿಗೆ ಕೈಗಳಿರುವ ಕುರ್ಚಿ ಕಂಡಿತು. ಪುಷ್ಪಮ್ಮನೂ ಕಂಡರು. ದೂರು ಬರೆಯುವುದೆಂದು ಅವರು ಮೆಟ್ಟಿಲು ಇಳಿಯುವಷ್ಟರಲ್ಲಿ ನಿಶ್ಚಯಿಸಿಯಾಗಿತ್ತು. ಏನು ಮಹಾ? ರಾಮಚಂದ್ರಪ್ಪನಿಗೆ ಇನ್ನೂ ವಯಸ್ಸಿದೆ. ಸಾಗರ ದೊಡ್ಡ ಊರು, ಅಲ್ಲಿ ಸಿನಿಮಾ ಥಿಯೇಟರಿದೆ. ಹೆಡ್‌ಮಾಸ್ಟರಾಗದ ಮನುಷ್ಯ ಅಲ್ಲಿ ಹೇಗೋ ಕಾಲ ಹಾಕಬಹುದು.

ಬೆಳಿಗ್ಗೆ ಆರಕ್ಕೆ, ರಾತ್ರಿ ಉಳಿದುಕೊಂಡಿದ್ದ ಹೋಟೆಲಿನ ಮಾಳಿಗೆಯಲ್ಲಿ, ಕಾಫಿ ತರಿಸಿಕೊಂಡು, ಫುಲ್‌ಸ್ಕೇಪ್ ಹಾಳೆ ಹರಡಿ ಕೂತರು. ಮೊದಲ ಶಬ್ದಕ್ಕೇ ತೊಡಕಾಯಿತು. ಕಂಪ್ಲೇಂಟ್ ಎಂದು ಬರೆಯಬೇಕೋ, ಗ್ರೀವನ್ಸ್ ಎಂದೋ? ಕಂಪ್ಲೇಂಟ್ ಬಾಯಿಂದ ಆಡುವುದು, ಗ್ರೀವನ್ಸ್ ಮನಸ್ಸಿನಲ್ಲಿ ಇರುವುದು. ನೂರ ಮೂರನೆಯ ಜೋಡಿ. ಮನಸ್ಸಿನಲ್ಲಿ ಹುಡುಕಿದರು, ಏನೂ ಇರಲಿಲ್ಲ. ಕಂಪ್ಲೇಂಟ್ ಎಂದು ಬರೆದರು.

'ರಾಮಚಂದ್ರಪ್ಪ ನನ್ನ ಪಾಠಕ್ಕೆ ಅಡ್ಡಿಪಡಿಸಿದನು.' ಇಂಟರಪ್ಟ್. ನಡೆಯುತ್ತಿರುವುದನ್ನು ಕಡಿಯುವುದು ಇಂಟರಪ್ಟ್, ನಿಂತುಹೋದದ್ದರಲ್ಲಿ ಕೈ ಹಾಕುವುದು ಇಂಟರ್‌ವೀನ್. ಪಾಠ ನಿಂತಿತ್ತು. ಇನ್‌ಸ್ಪೆಕ್ಟರರೇ ಪ್ರಶ್ನೆ ಕೇಳಿ ಎಂದಿದ್ದರು. ಹೊಡೆದು ಹಾಕಿ ಇಂಟರ್‌ವೀನ್ ಎಂದು ಬರೆದರು. ಹಾಗೆ ಬರೆದ ಮೇಲೆ, ಯಾಕೆ ಕೈ ಹಾಕಿದ ಎಂಬುದನ್ನೂ ಬರೆಯದಿದ್ದರೆ ವಾಕ್ಯ ಕುಂಟುತ್ತಿತ್ತು. ಸಭೆ ಬೀಳದಂತೆ ಎತ್ತಲು ಎಂದು ಸೇರಿಸಿದರು. 'ನನ್ನನ್ನು ಬೈದನು.' ಅಬ್ಯೂಸೋ, ಇನ್‌ಸಲ್ಟೋ? ನೊಂದವನಿಲ್ಲದೆ ಇನ್‌ಸಲ್ಟ್ ಆಗುವುದಿಲ್ಲ ಎಂದು ಅವರ ನೋಟ್ಸೇ ಹೇಳುತ್ತಿತ್ತು. ಕೊನೆಗೆ ಆಡಿದ ಮಾತನ್ನೇ ಬರೆಯುವುದು ಪ್ರಾಮಾಣಿಕವೆಂದು ತೋರಿತು. ಬತ್ತಿದ ಬಾವಿ ಎಂದ. ಅದಕ್ಕೆ ಮೊದಲು ತಾನೇನೆಂದೆ, ಆಮೇಲೆ ತಾನೇನೆಂದೆ, ಅದೂ ಬಂತು. ಭಿಕ್ಷುಕನೂ ಬಂದ.

ಇಲ್ಲಿಂದ ಪೆನ್ನು ಅವರ ಮಾತು ಕೇಳಲಿಲ್ಲ. ಇಪ್ಪತ್ತೆರಡು ವರ್ಷ ಎದುರಿನವನ ಮಾತನ್ನು ಎತ್ತಿಹಿಡಿದು ಆಮೇಲೆ ಹೊಡೆದವರಿಗೆ, ಒಂದೇ ಪಕ್ಷ ಬರೆಯುವುದು ಒಂಟಿ ಕಾಲಲ್ಲಿ ನಡೆದಂತೆ ಆಗುತ್ತಿತ್ತು. ತಮ್ಮ ಒಂದು ವಾದ ಬರೆದ ಕೂಡಲೆ ರಾಮಚಂದ್ರಪ್ಪನ ಉತ್ತರ ಬರೆದರು. ಉತ್ತರ ಸಪ್ಪೆ ಎನಿಸಿದ ಕಡೆ ಸ್ವಲ್ಪ ಖಾರ ಹಾಕಿದರು. ಎದುರಾಳಿ ಸೊರಗಿದರೆ ಗೆದ್ದದ್ದಕ್ಕೆ ಮರ್ಯಾದೆ ಎಲ್ಲಿ?

ಎಂಟನೆಯ ಹಾಳೆಯಲ್ಲಿ ಆ ಮಾತು ಬಂತು: ಕೇಳದವನಿಗೆ ಯಾರೂ ಇಲ್ಲವೆನ್ನಲಾರರು. ಅಲ್ಲಿ ರಾಮಚಂದ್ರಪ್ಪ ಹೇಳದೆ ಬಿಟ್ಟದ್ದೇನು? ಮಂಜಯ್ಯನವರು ಪೆನ್ನು ಎತ್ತಿ ಕೂತರು. ಎದುರಿನವನ ಜಾಗದಲ್ಲಿ ತಾವು ಕೂತು ನೋಡಿದರು, ಅದು ಅಭ್ಯಾಸವೇ ಆಗಿತ್ತು.

ಆಗ ಬೆಳ್ಳಪ್ಪ ಕಂಡ. ಗದ್ದೆಯಿಂದ ಮೇಲೆ ಬಂದು, ಅಂಗಳದ ಮೂಲೆಯಲ್ಲಿ ಗೇಣಿ ಭತ್ತದ ಮೂಟೆ ಇಳಿಸಿ, ಬೆವರು ಒರೆಸಿಕೊಂಡು ನಿಂತ ಬೆಳ್ಳಪ್ಪ. ಕೇಳಿದ್ದರೆ ನೀರು ಸಿಗುತ್ತಿತ್ತು. ಜಗಲಿಯ ಮೇಲಿನಿಂದ ಯಾರಾದರೂ ತಂಬಿಗೆ ಎತ್ತಿ ಹಿಡಿದು ಅವನ ಬೊಗಸೆಗೆ ಹೊಯ್ಯುತ್ತಿದ್ದರು. ಬೆಳ್ಳಪ್ಪ ಒಂದು ದಿನವೂ ಕೇಳಲಿಲ್ಲ. ಮೂಟೆ ಇಳಿಸಿ, ಬಂದ ದಾರಿಯಲ್ಲೇ ಹೊಂಡದ ತನಕ ಇಳಿದುಹೋಗಿ ಬಗ್ಗಿ ಕುಡಿಯುತ್ತಿದ್ದ. ಜಗಲಿಯ ಕಂಬಕ್ಕೆ ಆತು ಪಾಠ ಓದುತ್ತಿದ್ದ ಹುಡುಗ ಮಂಜಯ್ಯ ಅದನ್ನು ಎಷ್ಟು ಸಲ ನೋಡಿದ್ದರೋ. ಹೊಂಡದ ನೀರು ಅವನಿಗೆ ರುಚಿ ಎಂದುಕೊಂಡಿದ್ದರು.

ಅವರು ಬರೆದರು. 'ಇಲ್ಲಿ ಶ್ರೀ ರಾಮಚಂದ್ರಪ್ಪ ಹೀಗೆ ಹೇಳಬಹುದಾಗಿತ್ತು: ಕೇಳಿದರೆ ನೀರು ಯಾವ ಎತ್ತರದಿಂದ ಬೀಳುತ್ತದೆಂದು ಮೊದಲೇ ತಿಳಿದು, ಕೇಳದೆಯೇ ಹಿಂದಿರುಗಿದ ಮನುಷ್ಯನಿದ್ದಾನೆ. ಅವನಿಗೆ ಯಾರೂ ರೆಫ್ಯೂಸ್ ಮಾಡಲಿಲ್ಲ, ಯಾರೂ ಡಿನೈ ಮಾಡಲಿಲ್ಲ. ಆದರೂ ಅವನು ಬಾಯಾರಿಯೇ ಹೋದ. ಇನ್ನೂರ ಹನ್ನೆರಡು ಜೋಡಿ ತಿಳಿದ ದೊರೆ ಇದಕ್ಕೆ ಯಾವ ಶಬ್ದ ಕೊಡುತ್ತಾನೆ?' ಅದರ ಕೆಳಗೆ ತಮ್ಮ ಉತ್ತರಕ್ಕೆಂದು ನಾಲ್ಕು ಗೆರೆ ಜಾಗ ಬಿಟ್ಟರು.

ಆ ಜಾಗ ತುಂಬಲಿಲ್ಲ. ಒಂಬತ್ತಕ್ಕೆ ಹತ್ತು ನಿಮಿಷವಿತ್ತು. ಹನ್ನೊಂದು ಹಾಳೆಯ ದೂರನ್ನು ಮಡಚಿಕೊಂಡು ಬಸ್‌ಸ್ಟ್ಯಾಂಡಿಗೆ ಓಡಿ, ಹೊರಡುತ್ತಿದ್ದ ಬಸ್ಸಿನ ಕಿಟಕಿಯಲ್ಲಿ ಇನ್‌ಸ್ಪೆಕ್ಟರರ ಕೈಗೆ ಕೊಟ್ಟರು. ಅವರು ಅದರ ದಪ್ಪ ನೋಡಿ ಸಂತೋಷಪಟ್ಟರು. "ಇಷ್ಟು ನೊಂದಿದ್ದೀರಿ ಅಂತ ಗೊತ್ತಿರಲಿಲ್ಲ" ಎಂದರು.

ಮೂರು ವಾರಕ್ಕೆ ಆರ್ಡರು ಬಂತು. ಮಂಜಯ್ಯನವರ ದೂರನ್ನು ಕೂಲಂಕಷವಾಗಿ ಎರಡು ಬಾರಿ ಪರಿಶೀಲಿಸಲಾಯಿತೆಂದೂ, ದೂರುದಾರರೇ ಮಂಡಿಸಿರುವ ಆಧಾರಗಳ ಮೇಲೆ ಎದುರುದಾರರ ನಡತೆ ನಿರ್ದುಷ್ಟವೂ ವಿಚಾರಶಕ್ತಿ ಅಸಾಧಾರಣವೂ ಆಗಿದೆಯೆಂದು ಮನವರಿಕೆಯಾಯಿತೆಂದೂ, ಎಂಟನೆಯ ಹಾಳೆಯ ಪ್ರಶ್ನೆಗೆ ದೂರುದಾರರು ಉತ್ತರ ನೀಡಿರುವುದಿಲ್ಲವೆಂದೂ, ಆದಕಾರಣ ಶ್ರೀ ರಾಮಚಂದ್ರಪ್ಪನವರನ್ನು ಹೊಸನಗರದ ಹೆಡ್‌ಮಾಸ್ಟರರನ್ನಾಗಿ ನೇಮಿಸಲಾಗಿದೆಯೆಂದೂ ಅದರಲ್ಲಿತ್ತು. ದೂರುದಾರರ ಇಂಗ್ಲಿಷ್ ಉತ್ತಮವಾಗಿದೆ ಎಂದು ಕಡೆಗೆ ಪ್ರತ್ಯೇಕವಾಗಿ ನಮೂದಿಸಲಾಗಿತ್ತು.

ವಾಗ್ದೇವಿ ಪೂರ್ತಿ ಓದಿಸಿ ಕೇಳಿದರು. "ಅಂವ ಬಾಯಿ ಬಿಡದ್ದೇ ಇದ್ದಿದ್ನೂ ನಿಂಗನೇ ಬರ್ದು ಕೊಟ್ರಾ?"

"ಅದು ಅಂವ ಹೇಳಕಾಗಿದ್ದ ಮಾತು."

"ಅಂವ ಹೇಳಕಾಗಿತ್ತು, ನಿಂಗ ಎಂತಕ್ಕೆ ಹೇಳಿದ್ರಿ?"

ಈ ಪ್ರಶ್ನೆಗೂ ಮಂಜಯ್ಯನವರು ಮನಸ್ಸಿನಲ್ಲೇ ನಾಲ್ಕು ಗೆರೆ ಜಾಗ ಬಿಟ್ಟರು. ಒಂದೇ ತಿಂಗಳಲ್ಲಿ ಎರಡಾಯಿತು. ವಾಗ್ದೇವಿ ಪುಷ್ಪಮ್ಮನ ಮನೆಯ ದಾರಿ ಬಿಟ್ಟು ಸುತ್ತುದಾರಿಯಲ್ಲಿ ಹಾಲು ತರತೊಡಗಿದರು.

ಡಿಸೆಂಬರಿನ ಒಂದು ಸೋಮವಾರ ರಾಮಚಂದ್ರಪ್ಪ ಟ್ರಂಕು ಹಿಡಿದು ಹೊಸನಗರದಲ್ಲಿ ಇಳಿದ. ಶಾಲೆಯ ಪರವಾಗಿ ಸ್ವಾಗತಿಸಲು ಹಿರಿಯ ಸಹಾಯಕ ಮೇಷ್ಟ್ರು ಹೋಗಬೇಕಿತ್ತು. ಹಿರಿಯ ಸಹಾಯಕ ಮೇಷ್ಟ್ರು ಎಂದರೆ ಮಂಜಯ್ಯನವರು.

"ಬನ್ನಿ ಸಾರ್" ಎಂದರು.

"ಸಾಯ್ಲಿ ಮಾರಾಯ್ರೇ, ಬಸ್‌ಸ್ಟ್ಯಾಂಡಲ್ಲೇ ಶುರು ಮಾಡ್ಬೇಡಿ."

"ಇಲಾಖೆಯ ಶಿಷ್ಟಾಚಾರ."

"ಹಂಗಾದ್ರೆ ಹೆಡ್‌ಮಾಸ್ಟರ ಮೊದಲ ಆರ್ಡರು ಇದು. ಸಾರ್ ಅನ್ಬೇಡಿ."

ಇಬ್ಬರೂ ನಡೆದರು. ಟ್ರಂಕನ್ನು ಹಿಡಿಯಲು ಹೋದ ಮಂಜಯ್ಯನವರ ಕೈಯನ್ನು ಅವನು ಸರಿಸಿದ. ಆಸ್ಪತ್ರೆಯ ತಿರುವಿನಲ್ಲಿ ಹೇಳಿದ. "ನಿಮ್ಮ ದೂರು ನಂಗೂ ಓದೋಕೆ ಕೊಟ್ರು. ಎಂಟನೇ ಹಾಳೆಲಿ ಇರೋದು ನಾ ಹೇಳಿದ್ದಲ್ಲ."

"ಹೇಳ್ಬೇಕಿತ್ತು. ನಾನು ಜಾಗ ಮಾಡಿ ಕೊಟ್ಟಿದ್ದೆ."

"ಗೊತ್ತಾಯ್ತು. ಬಾಯಿಗೂ ಬಂದಿತ್ತು. ಆ ಇನ್‌ಸ್ಪೆಕ್ಟರ ಎದುರಿಗೆ, ಮಕ್ಕಳ ಎದುರಿಗೆ, ನಿಮ್ಮನೆ ಬಾಗಿಲು ತಂದು ಯಾಕೆ ನಿಲ್ಸೋದು ಅಂತ ನುಂಗ್ಕೊಂಡೆ."

ಮಂಜಯ್ಯನವರು ರಸ್ತೆಯ ನಡುವೆ ನಿಂತರು. ಹುದ್ದೆ ಹೋದಾಗ ಬಾರದ ಸಿಟ್ಟು ಈಗ ಬಂತು. "ಕರುಣೆಯಾ? ಸಭೆಯಲ್ಲಿ ನನ್ನ ಮೇಲೆ ಕರುಣೆ ತೋರ್ಸೋಕೆ ನೀನ್ಯಾರೋ? ಇಪ್ಪತ್ತೆರಡು ವರ್ಷದಲ್ಲಿ ನಾನು ಒಂದು ದಿನ ನಿಂಗೆ ಬಿಟ್ಟುಕೊಟ್ಟಿದ್ದೀನಾ?"

"ಇಲ್ಲ."

"ಮತ್ತೆ?"

"ನಾ ಹೇಳಿದ್ರೆ ನಿಮ್ಮ ಹತ್ರ ಉತ್ತರ ಇತ್ತಾ?"

ಒಂದು ಎತ್ತಿನ ಗಾಡಿ ಅವರನ್ನು ಬಳಸಿಕೊಂಡು ಹೋಯಿತು. ಗಾಡಿಯವನು ಹಳೆಯ ಮೇಷ್ಟ್ರಿಗೂ ಹೊಸ ಹೆಡ್‌ಮಾಸ್ಟರಿಗೂ ಒಂದೇ ಕೈಯಲ್ಲಿ ನಮಸ್ಕಾರ ಮಾಡಿದ.

"ಇರಲಿಲ್ಲ" ಎಂದರು ಮಂಜಯ್ಯನವರು. "ಈಗಲೂ ಇಲ್ಲ. ನಾಲ್ಕು ಗೆರೆ ಜಾಗ ಬಿಟ್ಟಿದ್ದೆ."

"ನೋಡಿದೆ. ನಿಮ್ಮ ಪರವಾಗಿ ನಂಗೊಂದು ಉತ್ತರ ಹೊಳೆದದೆ. ಹೇಳ್ಲಾ?"

"ಹೇಳ್ಬೇಡ" ಎಂದು ಮಂಜಯ್ಯನವರು ಬೇಗಬೇಗ ನಡೆಯತೊಡಗಿದರು. "ಬಾಗಿಲು ನಮ್ಮನೇದು. ಉತ್ತರ ನಾನೇ ಹುಡುಕ್ಬೇಕು. ನೀನು ಹೇಳಿಕೊಟ್ಟು ನಾನು ಒಪ್ಪಿಸಿದ್ರೆ ಅದೇನು ಚೆಂದ?"

ರಾಮಚಂದ್ರಪ್ಪ ಟ್ರಂಕನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡ. "ಅವಸರ ಇಲ್ಲ ಬಿಡಿ" ಎಂದ. "ನಾನಿನ್ನು ಇಲ್ಲೇ ಇರೋನು."